ಜ್ಞಾಪಕದವರು

ನಮ್ಮೂರಿನಲ್ಲಿ ಕೆಂಪು ದೀಪ ಉರಿಯುತ್ತಿರುವಾಗ ಗಾಡಿ ನುಗ್ಗಿಸಿಕೊಂಡು ಹೋದವನಿಗೆ ತಾನು ಎಲ್ಲಿಗೆ ಹೊರಟಿದ್ದೆ ಎಂಬುದು ಮರೆತುಹೋಗುತ್ತದೆ. ಬೇರೇನೂ ಮರೆಯುವುದಿಲ್ಲ. ತನ್ನ ಹೆಸರು, ಮನೆ, ಮಕ್ಕಳು ಓದುವ ಕ್ಲಾಸು, ಬೆಳಿಗ್ಗೆ ತಿಂದ ಉಪ್ಪಿಟ್ಟಿಗೆ ಉಪ್ಪು ಸಾಲದಾಗಿತ್ತು ಎಂಬ ಸಿಟ್ಟು, ಎಲ್ಲವೂ ಇದ್ದಲ್ಲೇ ಇರುತ್ತವೆ. ಹೋಗಬೇಕಾಗಿದ್ದ ಜಾಗವೊಂದು ಮಾತ್ರ ತಲೆಯಿಂದ ಜಾರಿಬಿಡುತ್ತದೆ. ಅದು ಯಾಕೆ ಹಾಗೆ ಎಂದು ನನ್ನನ್ನು ಕೇಳಬೇಡಿ, ನಾನು ಬಟ್ಟೆ ಹೊಲಿಯುವವನು. ನನ್ನ ಅಂಗಡಿ ದೊಡ್ಡ ಸರ್ಕಲ್ಲಿಗೆ ಮುಖ ಮಾಡಿಕೊಂಡಿದೆ. ಮಿಷನ್ನಿನ ಮುಂದೆ ಕೂತರೆ ದೀಪದ ಕಂಬವೂ ಕಾಣುತ್ತದೆ, ದೀಪಕ್ಕೆ ಮರ್ಯಾದೆ ಕೊಡದವರ ಮುಖವೂ ಕಾಣುತ್ತದೆ. ಹೆಂಡತಿಯ ರವಿಕೆ ತರಲೆಂದು ನನ್ನ ಅಂಗಡಿಗೇ ಹೊರಟ ಎಷ್ಟೋ ಗಂಡಂದಿರು ಆ ಕಡೆಯಿಂದ ಸಿಗ್ನಲ್ ಜಂಪ್ ಮಾಡಿ ಬಂದು, ನನ್ನ ಬಾಗಿಲ ಎದುರೇ ಗಾಡಿ ನಿಲ್ಲಿಸಿ, ನನ್ನ ಮುಖ ನೋಡಿ ಒಂದು ನಗೆ ನಕ್ಕು, ಹಾಗೇ ವಾಪಸು ಹೋಗಿದ್ದಾರೆ. ಆದ್ದರಿಂದ ಈ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿ ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡಿ.

ಸರ್ಕಲ್ಲಿನ ಆ ಬದಿಗೆ ಒಂದು ಹೊಂಗೆ ಮರವಿದೆ. ಅದರ ಕೆಳಗೆ ಯಾವಾಗ ನೋಡಿದರೂ ನಾಲ್ಕಾರು ಜನ ಗಾಡಿ ನಿಲ್ಲಿಸಿಕೊಂಡು ತಲೆ ಕೆರೆಯುತ್ತ ನಿಂತಿರುತ್ತಾರೆ. ಅಲ್ಲಿ ಕಡಲೆಕಾಯಿ ಮಾರುವ ಕೆಂಪಮ್ಮ ಅವರ ಕೈಯಲ್ಲಿರುವ ವಸ್ತು, ಹಾಕಿಕೊಂಡ ಬಟ್ಟೆ ನೋಡಿ ಅಂದಾಜಿನ ಮೇಲೆ ದಾರಿ ಹೇಳುತ್ತಾಳೆ. ಒಮ್ಮೆ ಒಬ್ಬ ದೊಡ್ಡ ಹಾರವೊಂದನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ನಿಂತಿದ್ದ. ಅದು ಮದುವೆಯದೋ ಸಾವಿನದೋ ಪಾಪ ಅವನಿಗೇ ತಿಳಿಯದು. ಕೆಂಪಮ್ಮ ಹಾರ ಮೂಸಿ ನೋಡಿ, "ಗುಲಾಬಿ ಕಮ್ಮಿ ಐತೆ ಕಣಪ್ಪ. ಮದುವೇನೇ ಆದ್ರೂ ದೂರದ ನೆಂಟ್ರದ್ದು, ಹೋಗು" ಅಂದಳು. ಅವನು ಸಿಕ್ಕಿದ ಮೊದಲ ಮದುವೆಗೆ ನುಗ್ಗಿ ಗಂಡಿನ ಕೊರಳಿಗೆ ಹಾಕಿ, ಊಟ ಮಾಡಿಕೊಂಡು ಬಂದ. ಅದು ಅವನ ಆಫೀಸಿನ ಸಾಹೇಬರು ರಿಟೈರ್ ಆಗುವ ಸಮಾರಂಭದ ಹಾರವಂತೆ. ಇನ್ನೊಬ್ಬ ಮನೆಗೆ ಫೋನ್ ಮಾಡಿ "ನಾನು ಎಲ್ಲಿಗೆ ಹೊರಟಿದ್ದೆ ಕಣೇ?" ಎಂದು ಕೇಳಿದಾಗ ಅವನ ಹೆಂಡತಿ, "ಹೇಳಿ ಹೊರಟಿದ್ದು ಬ್ಯಾಂಕಿಗೆ. ನಿಜವಾಗಿ ಎಲ್ಲಿಗೆ ಅಂತ ನಾನೂ ತುಂಬಾ ದಿನದಿಂದ ಯೋಚನೆ ಮಾಡ್ತಾ ಇದೀನಿ" ಅಂದಳಂತೆ. ಪೊಲೀಸಿನವರು ಸುಮ್ಮನಿದ್ದರು ಅಂದುಕೊಳ್ಳಬೇಡಿ. ಬೈಕ್ ಹತ್ತಿ ಅಟ್ಟಿಸಿಕೊಂಡು ಹೋಗುತ್ತಿದ್ದರು. ಆದರೆ ಅಟ್ಟಿಸಿಕೊಂಡು ಹೋಗಬೇಕಾದರೆ ಅವರೂ ಕೆಂಪು ದೀಪ ದಾಟಬೇಕಲ್ಲ. ಆ ಕಡೆ ತಲುಪುವಷ್ಟರಲ್ಲಿ ಯಾರ ಹಿಂದೆ ಹೊರಟೆ ಎಂಬುದೇ ಹಾರಿಹೋಗಿ, ಹಿಡಿಯಬೇಕಾದವನ ಪಕ್ಕದಲ್ಲೇ ನಿಂತು ಕಡಲೆಕಾಯಿ ಸುಲಿಯುತ್ತಿದ್ದರು.

ಬುದ್ಧಿ ಇರುವ ಊರಾಗಿದ್ದರೆ ಇಷ್ಟೆಲ್ಲ ಆದ ಮೇಲೆ ಕೆಂಪು ದೀಪ ಕಂಡಾಗ ನಿಲ್ಲುತ್ತಿತ್ತು. ನಮ್ಮೂರಿಗೆ ಬುದ್ಧಿ ಸ್ವಲ್ಪ ಜಾಸ್ತಿಯೇ ಇದೆ. ನಿಲ್ಲುವುದೊಂದನ್ನು ಬಿಟ್ಟು ಬೇರೆಲ್ಲ ಉಪಾಯ ಮಾಡಿದರು. ಹೋಗುವ ಜಾಗವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ಆ ಕಡೆ ಹೋಗಿ ತೆಗೆದು ಓದಿದರೆ ಅಕ್ಷರ ತಮ್ಮದೇ ಆದರೂ ಯಾರದೋ ಮನೆಯ ವಿಳಾಸ ಓದಿದ ಹಾಗಾಗಿ, "ಯಾವನಿಟ್ಟ ಚೀಟಿ ಇದು" ಎಂದು ಎಸೆಯುತ್ತಿದ್ದರು. ಕೊನೆಗೆ ಒಬ್ಬ ಪುಣ್ಯಾತ್ಮ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಜಂಪ್ ಮಾಡಿದ. ಆ ಕಡೆ ಹೋಗಿ ಅವನು ಕಕ್ಕಾಬಿಕ್ಕಿಯಾಗಿ ನಿಂತಾಗ ಅತ್ತೆ ಬೆನ್ನಿಗೊಂದು ಗುದ್ದಿ, "ಅಳಿಯಂದ್ರೇ, ಕಣ್ಣಿನ ಡಾಕ್ಟ್ರ ಹತ್ರ!" ಅಂದರಂತೆ. ಮರೆವು ಹ್ಯಾಂಡಲ್ ಹಿಡಿದವನಿಗೆ ಮಾತ್ರ, ಹಿಂದೆ ಕೂತವರಿಗಲ್ಲ ಎಂದು ಊರಿಗೆ ಗೊತ್ತಾದದ್ದು ಹಾಗೆ. ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದ ಅತ್ತೆಯಂದಿರಿಗೆಲ್ಲ ಏಕಾಏಕಿ ಬೆಲೆ ಬಂತು. "ಅತ್ತೇ, ಸ್ವಲ್ಪ ಬನ್ನಿ, ಹೀಗೆ ಹೋಗಿ ಹಾಗೆ ಬಂದುಬಿಡೋಣ" ಎಂದು ಅಳಿಯಂದಿರೂ ಸೊಸೆಯಂದಿರೂ ಪೂಸಿ ಹೊಡೆಯತೊಡಗಿದರು.

ಅತ್ತೆ ಇಲ್ಲದವರಿಗಾಗಿ ನನ್ನ ಅಂಗಡಿಯ ಪಕ್ಕದಲ್ಲಿ ಒಂದು ಸ್ಟ್ಯಾಂಡೇ ಆಯಿತು. ಅಲ್ಲಿ ಕೂತವರನ್ನು ಜ್ಞಾಪಕದವರು ಎಂದು ಕರೆಯುತ್ತಾರೆ. ಗಾಡಿ ಬಂದು ನಿಲ್ಲುತ್ತದೆ, ಸವಾರ ಹೋಗುವ ಜಾಗ ಕಿವಿಯಲ್ಲಿ ಹೇಳುತ್ತಾನೆ, ಜ್ಞಾಪಕದವರು ಹಿಂದೆ ಹತ್ತುತ್ತಾರೆ, ಗಾಡಿ ಕೆಂಪು ದೀಪದಲ್ಲಿ ನುಗ್ಗುತ್ತದೆ, ಆ ಕಡೆ ತಲುಪಿದ ಕೂಡಲೇ ಅವರು ಜಾಗದ ಹೆಸರು ಕೂಗಿ, ಇಳಿದು, ಕೈಯೊಳಗೆ ಸಂದಾಯವಾದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದು ಬರುತ್ತಾರೆ. ಈ ಕೆಲಸಕ್ಕೆ ಗಂಟಲು ಗಟ್ಟಿ ಇರಬೇಕು, ಬಾಯಿ ಭದ್ರ ಇರಬೇಕು. ಯಾಕೆಂದರೆ ಊರಿನಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದೆಲ್ಲ ಅವರ ಹೊಟ್ಟೆಯಲ್ಲಿರುತ್ತದೆ. ಇನ್ನೊಂದು ಪದ್ಧತಿಯೂ ಬೆಳೆಯಿತು. ದೀಪದ ಕಂಬ ದಾಟುವಾಗ ಜ್ಞಾಪಕದವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕಣ್ಣು ಬಿಟ್ಟರೆ ಅಡ್ಡ ಬರುವ ಬಸ್ಸು ಲಾರಿ ಕಂಡು ಎದೆ ಹಾರಿ, ನೆನಪಿಟ್ಟುಕೊಂಡದ್ದು ಬಾಯಿಗೆ ಬರುವುದಿಲ್ಲವಂತೆ.

ಜ್ಞಾಪಕದವರಲ್ಲೆಲ್ಲ ಪುಟ್ಟತಾಯಮ್ಮನಿಗೆ ಹೆಸರು ಹೆಚ್ಚು. ಅವಳದು ಸಂತೆಯಲ್ಲಿ ಸೊಪ್ಪು ಕೂಗಿ ಮಾರಿದ ಗಂಟಲು. ಎರಡು ಕಿವಿಗೂ ಹತ್ತಿ ಇಟ್ಟುಕೊಂಡು ಹೆಲ್ಮೆಟ್ ಹಾಕಿದವನಿಗೂ ಅವಳು ಹೇಳಿದ್ದು ಕೇಳುತ್ತಿತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಎಲೆಯಡಿಕೆ ಒಂದು ದವಡೆಗೆ ಸರಿಸಿ, ಎತ್ತರದ ಬುಲೆಟ್ಟನ್ನೂ ಹಟ್ಟಿಯ ಜಗಲಿ ಹತ್ತಿದಷ್ಟು ಸಲೀಸಾಗಿ ಹತ್ತುತ್ತಿದ್ದಳು. ಅವಳ ಗಂಡ ತಮ್ಮಯ್ಯ ಮೊದಲು ಪೇಟೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ. ಮಂಡಿ ನೋವು ಬಂದ ಮೇಲೆ ಅಂಗಡಿ ಬಿಟ್ಟು ಅಡುಗೆಮನೆ ಹಿಡಿದ. ಮಾತಿನ ಮನುಷ್ಯ, ಅವನಿಗೆ ಮಾತಾಡಲು ಜನ ಸಿಗುವುದಿಲ್ಲವೆಂಬುದೊಂದೇ ಕೊರಗು. ಮಧ್ಯಾಹ್ನ ಕ್ಯಾರಿಯರ್ ಹಿಡಿದು ಆ ಕಡೆಯ ಬೀದಿಯಿಂದ ನಿಧಾನಕ್ಕೆ ರಸ್ತೆ ದಾಟಿ ಸ್ಟ್ಯಾಂಡಿಗೆ ಬರುತ್ತಿದ್ದ. ಗಂಡ ಹೆಂಡತಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದರು. ಸಾರು ಹೆಚ್ಚಿದ್ದ ದಿನ ನನಗೂ ಒಂದು ಬಟ್ಟಲು ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ತಮ್ಮಯ್ಯನ ಕೈಯ ಸಾರಿನ ರುಚಿ ನನ್ನ ಮನೆಯಲ್ಲಿ ಇಲ್ಲ.

ಪುಟ್ಟತಾಯಮ್ಮನ ಕಾಯಂ ಗಿರಾಕಿ ಅಡುಗೆ ಕಂಟ್ರಾಕ್ಟರ್ ರೇವಣ್ಣ. ಒಳ್ಳೆಯವನೇ, ಆದರೆ ಅವಸರದಲ್ಲೇ ಹುಟ್ಟಿದವನು. ಊರಿನ ಯಾವ ಸಿಗ್ನಲ್ಲಿಗೂ ಅವನು ನಿಂತದ್ದನ್ನು ಯಾರೂ ನೋಡಿಲ್ಲ. ಆದ್ದರಿಂದ ಪುಟ್ಟತಾಯಮ್ಮ ಅವನ ಗಾಡಿಯಲ್ಲಿ ಮಾತ್ರ ಆ ಕಡೆ ಇಳಿಯದೆ, ಕೊನೆಯವರೆಗೂ ಹೋಗಿ, ಪ್ರತಿ ಸರ್ಕಲ್ಲಿನಲ್ಲೂ ಕೂಗಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಆ ದಿನ ಅವನು ಸ್ಕೂಟರಿನ ಕಾಲ ಬಳಿ ದೊಡ್ಡ ಡಬ್ಬವೊಂದನ್ನಿಟ್ಟುಕೊಂಡು ಬಂದ. "ಹತ್ತು ತಾಯಕ್ಕಾ, ಬೇಗ ಹತ್ತು! ಛತ್ರದಲ್ಲಿ ಎಲೆ ಹಾಕಿಬಿಟ್ಟಿದಾರೆ, ತುಪ್ಪ ನೋಡಿದ್ರೆ ಇಲ್ಲೇ ಇದೆ!" ಅಂದ. ಆಗತಾನೆ ಕಾಯಿಸಿದ ತುಪ್ಪ, ನನ್ನ ಮಿಷನ್ನಿನವರೆಗೂ ಘಮ ಬಂತು. ಪುಟ್ಟತಾಯಮ್ಮ ಹತ್ತಿದಳು, ಬಾಯಲ್ಲೇ "ಛತ್ರ, ಛತ್ರ" ಅಂದುಕೊಂಡಳು, ಕಣ್ಣು ಮುಚ್ಚಿದಳು.

ದೀಪ ಕೆಂಪಾಗಿತ್ತು. ಕೆಂಪಾದಾಗ ನಡೆಯುವವರು ದಾಟಬೇಕು, ಆ ದೀಪ ಇರುವುದೇ ಅದಕ್ಕೆ. ಇಷ್ಟು ಸಣ್ಣ ವಿಷಯ ನಮ್ಮೂರಿನಲ್ಲಿ ಎಲ್ಲರಿಗೂ ಮರೆತುಹೋಗಿತ್ತು, ಒಂದು ದಿನವೂ ಜಂಪ್ ಮಾಡದವರಿಗೂ ಮರೆತುಹೋಗಿತ್ತು. ಗಾಡಿಯವನು ಎಲ್ಲಿಗೆ ಹೊರಟಿದ್ದ ಎಂಬುದೇ ನಮಗೆಲ್ಲ ದೊಡ್ಡ ಚರ್ಚೆ. ತಮ್ಮಯ್ಯ ಅವತ್ತು ಹಿತಕಿದ ಬೇಳೆ ಸಾರು ಮಾಡಿದ್ದ. ಆರುವ ಮುಂಚೆ ಹೆಂಡತಿಗೆ ಮುಟ್ಟಿಸಬೇಕೆಂದು ದಿನಕ್ಕಿಂತ ಬೇಗ ಹೊರಟಿದ್ದ. ಬಿಳಿ ಪಟ್ಟೆಯ ಮೇಲೆ, ಸರಿಯಾದ ಸಮಯಕ್ಕೆ, ಸರಿಯಾದ ಜಾಗದಲ್ಲೇ ಬರುತ್ತಿದ್ದ. ಸ್ಕೂಟರಿನ ಮೂತಿ ಅವನ ತೊಡೆಗೆ ಬಡಿಯಿತು. ಕ್ಯಾರಿಯರ್ ಹಾರಿ ಬಿತ್ತು, ಮುದ್ದೆ ಉರುಳಿಕೊಂಡು ಚರಂಡಿಯವರೆಗೆ ಹೋಯಿತು, ತಮ್ಮಯ್ಯ ರಸ್ತೆಯ ಮೇಲೆ ಒಂದು ಪಕ್ಕಕ್ಕೆ ಬಿದ್ದ.

ಸ್ಕೂಟರ್ ಓಲಾಡಿ, ಸ್ವಲ್ಪ ಮುಂದೆ ಹೋಗಿ ನಿಂತಿತು. ರೇವಣ್ಣ ಮಂಕಾಗಿ, "ಏನೋ ತಗುಲಿದ ಹಾಗಾಯ್ತಲ್ಲ ತಾಯಕ್ಕಾ? ಎಲ್ಲಿಗೆ ಹೊರಟಿದ್ವಿ ನಾವು?" ಅಂದ. ಪುಟ್ಟತಾಯಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹೊಟ್ಟೆಯಿಂದ ದನಿ ತೆಗೆದು, "ಛತ್ರಕ್ಕೆ! ಛತ್ರಕ್ಕೆ ನಡಿ!" ಎಂದು ಕೂಗಿದಳು. ಇಡೀ ಸರ್ಕಲ್ಲಿಗೆ ಕೇಳಿಸಿತು. ಎಲ್ಲಿಗೆಂದು ಗೊತ್ತಾದ ಮೇಲೆ ನಿಲ್ಲುವ ಜಾಯಮಾನ ರೇವಣ್ಣನದಲ್ಲ, ಹೊರಟೇಹೋದ. ನಾನು ಕತ್ತರಿ ಎಸೆದು ಓಡಿದೆ.

ತಮ್ಮಯ್ಯನನ್ನು ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಸೇರಿಸಿ ನಾನು ವಾಪಸು ಬರುವಷ್ಟರಲ್ಲಿ ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಿದ್ದಳು. "ನಾಗೋಜಿ, ನಮ್ಮನೆಯವ್ರು ಇನ್ನೂ ಬರ್ಲಿಲ್ಲ ನೋಡು. ಹಿತಕಿದ ಬೇಳೆ ಅಂದಿದ್ರು, ಬೇಳೆ ಹಿತುಕ್ತಾ ಯಾರ ಜೊತೆನೋ ಮಾತಿಗೆ ಕೂತ್ಕಂಡ್ರೇನೋ" ಅಂದಳು. ನನ್ನ ಕೈಯಲ್ಲಿ ಅಪ್ಪಚ್ಚಿಯಾದ ಕ್ಯಾರಿಯರ್ ಇತ್ತು. ಅದನ್ನು ನೋಡಿದಳು. ಮೊದಲು ಒಂದು ಕ್ಷಣ ಅದು ಯಾರದೋ ಎಂಬಂತೆ ನೋಡಿ, ಆಮೇಲೆ ಎದ್ದು ನಿಂತಳು. ಜೀವಕ್ಕೇನೂ ಅಪಾಯವಿಲ್ಲ, ತೊಡೆಯ ಮೂಳೆ ಮುರಿದಿದೆ ಎಂದು ನಾನು ಹೇಳುತ್ತಿದ್ದ ಹಾಗೆಯೇ ಅವಳ ಬಾಯಿ ಶುರುವಾಯಿತು. "ಯಾವನವನು ಗುದ್ದಿದ್ದು? ಅವನ ಕೈ ಸೇದೋಗ! ಅವನ ಗಾಡಿ ಮುರಿದು ಹಾಳಾಗೋಗ! ಅವನಿಗಂತೂ ಕಣ್ಣು ಕಾಣಲ್ಲ, ಹಿಂದೆ ಒಬ್ರು ಕೂತಿರ್ತಾರಲ್ಲ, ಅವ್ರ ಕಣ್ಣಿಗೇನಾಗಿತ್ತು?"

ನಾನು ಸುಮ್ಮನಿರಬಹುದಿತ್ತು. ಆದರೆ ಅವಳ ಶಾಪ ಅವಳ ಮೇಲೇ ಬೀಳುವುದನ್ನು ನೋಡಲು ನನ್ನಿಂದಾಗಲಿಲ್ಲ. "ಮುಚ್ಚಿತ್ತು ತಾಯಕ್ಕ. ನಿಮ್ಮ ಕಣ್ಣು ಮುಚ್ಚಿತ್ತು" ಅಂದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. "ಏನೋ ತಗುಲ್ತು ಅಂತ ನಂಗೂ ಗೊತ್ತಾಯ್ತು ಕಣೋ. ಬುಟ್ಟಿನೋ ನಾಯಿನೋ ಅಂದ್ಕಂಡೆ. ಕಣ್ಣು ಬಿಟ್ರೆ ಛತ್ರ ಮರೆತೋಗುತ್ತೆ ಅಂತ ಬಿಡ್ಲಿಲ್ಲ" ಅಂದಳು. ಆಸ್ಪತ್ರೆಗೆ ಹೊರಟಾಗ ನನ್ನ ಕೈ ಹಿಡಿದು, "ಅವ್ರಿಗೆ ಹೇಳಬ್ಯಾಡ. ರೇವಣ್ಣನಿಗೂ ಹೇಳಬ್ಯಾಡ. ನಾನು ನೋಡ್ಕತೀನಿ" ಎಂದು ಆಣೆ ಹಾಕಿಸಿಕೊಂಡಳು.

ತಮ್ಮಯ್ಯನ ಕಾಲಿಗೆ ಸೊಂಟದವರೆಗೂ ಪ್ಲಾಸ್ಟರ್ ಹಾಕಿದರು. ಮೂಳೆ ಕೂಡಬಹುದು, ಕೋಲಿಲ್ಲದೆ ನಡೆಯುವುದು ಅನುಮಾನ ಎಂದರು ಡಾಕ್ಟರು. ಪುಟ್ಟತಾಯಮ್ಮ ಹಗಲೂ ಇರುಳೂ ಮಂಚದ ಪಕ್ಕ ಕೂತಳು. ತಮ್ಮಯ್ಯ, "ಯಾಕೆ ಇವಳು ಮಾತೇ ಆಡ್ತಿಲ್ಲ ನಾಗೋಜಿ? ಕಾಲು ಮುರ್ದಿದ್ದು ನಂದು, ನಾಲಿಗೆ ಬಿದ್ದೋಗಿದ್ದು ಇವಳದ್ದು" ಎಂದು ನಗಾಡುತ್ತಿದ್ದ. ಅವನು ನಕ್ಕಾಗಲೆಲ್ಲ ಅವಳು ಎದ್ದು ನೀರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದಳು. ಹೇಳಿಬಿಡಬೇಕು ಎಂದು ಬಾಯಿ ತೆರೆಯುವುದು, ನರ್ಸ್ ಬಂದಳೆಂದು ಮುಚ್ಚುವುದು, ಇದೇ ಆಯಿತು. ಹೇಳಿದರೆ ಆ ಮನುಷ್ಯ ತನ್ನನ್ನು ಇನ್ನು ಮುಂದೆ ಯಾವ ಕಣ್ಣಿನಿಂದ ನೋಡುತ್ತಾನೋ ಎಂಬ ಭಯ ಅವಳಿಗೆ. ಅದನ್ನು ಅವಳು ನನ್ನ ಬಳಿ ಹೇಳಿಕೊಳ್ಳಲಿಲ್ಲ, ನನಗೆ ಕಾಣುತ್ತಿತ್ತು. ಇಷ್ಟು ವರ್ಷ ಊರಿನವರೆಲ್ಲರ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಆರಾಮಾಗಿದ್ದವಳನ್ನು ತನ್ನದೊಂದು ಗುಟ್ಟು ತಿಂದುಹಾಕುತ್ತಿತ್ತು.

ಒಂದು ವಾರ ಕಳೆದಿರಬೇಕು, ಬೆಳಿಗ್ಗೆ ನೋಡಿದರೆ ಪುಟ್ಟತಾಯಮ್ಮ ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ! ನನಗೆ ಸಿಟ್ಟೇ ಬಂತು. "ಇದೇನು ತಾಯಕ್ಕ, ಇಷ್ಟಾದ ಮೇಲೂ ಇದೇ ಕೆಲಸಾನಾ?" ಅಂದೆ. "ಹೊಟ್ಟೆಪಾಡು" ಎಂದು ಎಲೆಯಡಿಕೆ ಹಾಕಿಕೊಂಡಳು. ಮೊದಲು ಬಂದವನು ಒಬ್ಬ ಲಾಯರ್, ಕೋರ್ಟಿಗೆ ಹೊರಟವನು. ಅವಳು ಹತ್ತಿದಳು, ಗಾಡಿ ಕೆಂಪು ದೀಪ ದಾಟಿತು, ಅವನು ದಿಕ್ಕು ತಪ್ಪಿ ನಿಂತ. ಪುಟ್ಟತಾಯಮ್ಮ ಕೂಗಿದಳು: "ದೊಡ್ಡಾಸ್ಪತ್ರೆಗೆ! ಗಂಡಸರ ವಾರ್ಡು! ಕಿಟಕಿ ಪಕ್ಕದ ಮಂಚ!" ನನ್ನ ಕೈಯ ಸೂಜಿ ಹಾಗೇ ನಿಂತಿತು. ಲಾಯರ್ ಮಾತ್ರ "ಹೌದಲ್ವಾ!" ಎಂದು ಹೊರಟೇಬಿಟ್ಟ. ಜ್ಞಾಪಕದವರ ಮಾತನ್ನು ಅನುಮಾನಿಸುವ ಅಭ್ಯಾಸ ನಮ್ಮೂರಿನಲ್ಲಿ ಇಲ್ಲ. ಅವಳು ನಡೆದು ಬಂದು, ನನ್ನ ಕಡೆ ತಿರುಗಿಯೂ ನೋಡದೆ, ಮುಂದಿನ ಗಾಡಿ ಹತ್ತಿದಳು.

ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ತಮ್ಮಯ್ಯನಿಗೆ ಪ್ಲಾಸ್ಟರ್ ಹಿಡಿಸುವ ಹಾಗೆ ಒಂದು ಪೈಜಾಮ ಹೊಲಿದಿದ್ದೆ, ಒಂದು ಕಾಲು ಪೂರ್ತಿ ಬಿಚ್ಚಿಕೊಂಡು ಪಕ್ಕಕ್ಕೆ ಲಾಡಿ ಕಟ್ಟುವಂಥದ್ದು. ವಾರ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ತಮ್ಮಯ್ಯನ ಮಂಚದ ಸುತ್ತ ಲಾಯರ್, ಬ್ಯಾಂಕಿನವರು, ಹೆಣ್ಣು ನೋಡಲು ಹೊರಟು ಹೂವು ಹಣ್ಣು ಹಿಡಿದುಕೊಂಡಿದ್ದ ಒಬ್ಬ ವರ, ಹಾರ್ಮೋನಿಯಂ ಪೆಟ್ಟಿಗೆ ಹೊತ್ತ ಒಬ್ಬ ಸಂಗೀತದ ಮೇಷ್ಟ್ರು. ಬಂದವರಿಗೆ ಯಾಕೆ ಬಂದೆವೆಂದು ಗೊತ್ತಿಲ್ಲ. ಆದರೆ ರೋಗಿಯ ಮಂಚದ ಹತ್ತಿರ ಬಂದ ಮೇಲೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿರುತ್ತದಲ್ಲ. ಒಬ್ಬ ಕಿತ್ತಳೆ ಸುಲಿಯುತ್ತಿದ್ದ, ಒಬ್ಬ ದಿಂಬು ಸರಿಮಾಡುತ್ತಿದ್ದ. ವರನಂತೂ ತಂದಿದ್ದ ಹಣ್ಣನ್ನೆಲ್ಲ ತಮ್ಮಯ್ಯನ ಮಡಿಲಿಗೆ ಸುರಿದು, ತನ್ನ ಜಾತಕದ ವಿಷಯವನ್ನೆಲ್ಲ ಹೇಳಿಕೊಳ್ಳುತ್ತಿದ್ದ. ತಮ್ಮಯ್ಯನಿಗೆ ಹಬ್ಬ. "ಬನ್ನಿ ಬನ್ನಿ, ಕೂತ್ಕಳಿ. ಸಿಗ್ನಲ್ ಜಂಪ್ ಮಾಡ್ಕಂಡು ಬಂದ್ರಾ? ಇಲ್ಲಿಗೇ ಯಾಕೆ ಬತ್ತಾ ಇದೀರೋ ದೇವ್ರಿಗೇ ಗೊತ್ತು. ಆದ್ರೂ ಕೂತ್ಕಳಿ!" ಎಂದು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದ.

"ಏನಾಯ್ತು ಯಜಮಾನ್ರೇ ಕಾಲಿಗೆ?" ಎಂದು ಲಾಯರ್ ಕೇಳಿದ. "ಯಾರೋ ಸಿಗ್ನಲ್ ಜಂಪ್ ಮಾಡೋರು ಗುದ್ದಿದ್ರು ಬುದ್ಧಿ" ಅಂದ ತಮ್ಮಯ್ಯ. "ಛೇ ಛೇ! ಎಂಥಾ ಜನ ಇರ್ತಾರೆ ನೋಡಿ. ಅಂಥವರನ್ನ ಹಿಡಿದು ಒಳಗೆ ಹಾಕಬೇಕು" ಎಂದು ಲಾಯರ್ ಗುಡುಗಿದ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಆಮೇಲೆ ನಿಧಾನಕ್ಕೆ ಒಬ್ಬೊಬ್ಬರ ತಲೆ ಆಡುವುದು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಲಿಯುತ್ತಿದ್ದವನು ಕಿತ್ತಳೆಯ ಮೇಲಿನ ಬಿಳಿ ನಾರನ್ನು ಒಂದೊಂದೇ ಎಳೆ ತೆಗೆಯುತ್ತ ಕೂತ, ಕಣ್ಣೆತ್ತಲಿಲ್ಲ. ಅಷ್ಟರಲ್ಲಿ ನರ್ಸ್ ಬಂದು, "ಇದೇನು ಸಂತೆನಾ? ನಡೀರಿ ಹೊರಗೆ" ಎಂದು ಎಲ್ಲರನ್ನೂ ಅಟ್ಟಿದಳು. ಹೀಗೇ ದಿನಾ ನಡೆಯಿತು. ಪಕ್ಕದ ಮಂಚದವನು ಎಷ್ಟೋ ಹಳ್ಳಿಗೆ ಪಟೇಲನಾಗಿದ್ದವನಂತೆ, ತನಗಿಲ್ಲದ ಜನ ಒಬ್ಬ ಕೊಡೆ ರಿಪೇರಿಯವನಿಗೆ ಬರುವುದು ನೋಡಲಾರದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ರೇವಣ್ಣ ಊರಿನಲ್ಲಿರಲಿಲ್ಲ, ದೂರದ ಮದುವೆಯೊಂದಕ್ಕೆ ಅಡುಗೆಗೆ ಹೋಗಿದ್ದ. ಬಂದವನೇ ಸ್ಟ್ಯಾಂಡಿಗೆ ಓಡಿಬಂದ. "ನಾನು ಹೊರಡೋ ಮುಂಚೆ ಎಲ್ಲಿ ಹೋಗಿದ್ದೆ ತಾಯಕ್ಕಾ! ನೀನಿಲ್ದೆ ಎರಡು ಕಡೆ ಎಡವಟ್ಟಾಗೋಯ್ತು. ಹತ್ತು, ಗೃಹಪ್ರವೇಶದ ಮನೆಗೆ ಹೋಳಿಗೆ ಹೋಗ್ಬೇಕು." ಪುಟ್ಟತಾಯಮ್ಮ ಅವನ ಮುಖ ನೋಡಿದಳು, ಆಮೇಲೆ ಎಲೆಯಡಿಕೆ ಉಗಿದು ಹತ್ತಿದಳು. ಈ ಸಲ ದೀಪ ದಾಟುವಾಗ ಕಣ್ಣು ಬಿಟ್ಟುಕೊಂಡೇ ಇದ್ದಳು, ನಾನು ನೋಡಿದೆ. ಬಿಳಿ ಪಟ್ಟೆಯ ಮೇಲೆ ಒಬ್ಬ ಹೆಂಗಸು ಚೀಲ ಹಿಡಿದು ಬರುತ್ತಿದ್ದಳು. ಪುಟ್ಟತಾಯಮ್ಮ "ಬ್ರೇಕ್!" ಎಂದು ಚೀರಿದ ಏಟಿಗೆ ರೇವಣ್ಣ ಬ್ರೇಕ್ ಒತ್ತಿದ, ಚೀಲದ ಹೆಂಗಸು ಬೈದುಕೊಂಡು ದಾಟಿದಳು. ಅಷ್ಟಾದರೂ ಅವನು ಗೆರೆ ದಾಟಿದ್ದನಲ್ಲ, ನೆನಪು ಹೋಗಿತ್ತು. ಪುಟ್ಟತಾಯಮ್ಮ ಆಸ್ಪತ್ರೆಗೆ ನಡಿ ಅಂದಳು. ಕೂಗಲಿಲ್ಲ, ಮೆಲ್ಲಗೆ ಹೇಳ್ದೆ ಎಂದು ಅವಳೇ ಆಮೇಲೆ ಹೇಳಿದ್ದು. ಗಾಡಿ ಆಸ್ಪತ್ರೆಯ ಕಡೆ ತಿರುಗಿದ್ದು ಕಂಡು ನನಗೆ ಮನಸ್ಸು ತಡೆಯಲಿಲ್ಲ. ಅಂಗಡಿಗೆ ಬೀಗ ಹಾಕಿ ಆಟೋ ಹತ್ತಿದೆ.

ನಾನು ಹೋಗುವಷ್ಟರಲ್ಲಿ ರೇವಣ್ಣ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಿದ್ದ. "ನಿಮ್ಮನೆಯವರಾ ತಾಯಕ್ಕ? ನಂಗೊಂದ್ ಮಾತು ಹೇಳ್ಬಾರ್ದಾ!" ಎಂದು ಡಬ್ಬದ ಮುಚ್ಚಳ ತೆಗೆದು ತಮ್ಮಯ್ಯನಿಗೆ ಹೋಳಿಗೆ ತಿನ್ನಿಸುತ್ತಿದ್ದ. ಪುಟ್ಟತಾಯಮ್ಮ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. "ಹೆಂಗಾಯ್ತು ಇದು?" ಎಂದು ರೇವಣ್ಣ ಕೇಳಿದ. ತಮ್ಮಯ್ಯ ಹೋಳಿಗೆ ಅಗಿಯುತ್ತ ಹೇಳತೊಡಗಿದ. "ಮಧ್ಯಾಹ್ನ, ಊಟದ ಹೊತ್ತು. ಹಿತಕಿದ ಬೇಳೆ ಸಾರು ತಗಂಡು ದಾಟ್ತಾ ಇದ್ದೆ. ಸ್ಕೂಟರ್ ಕಾಣ್ಲಿಲ್ಲ ನಂಗೆ. ಮೊದ್ಲು ತುಪ್ಪದ ಘಮ ಬಂತು. ಒಳ್ಳೇ ತುಪ್ಪ ಸ್ವಾಮಿ, ವೀಳ್ಯದೆಲೆ ಹಾಕಿ ಕಾಯ್ಸಿದ್ದು. ಆಹಾ ಅನ್ನೋವಷ್ಟ್ರಲ್ಲಿ ಬಿದ್ದಿದ್ದೆ."

ರೇವಣ್ಣನ ಕೈಯಲ್ಲಿದ್ದ ಹೋಳಿಗೆ ಮುರಿದು ಹಾಸಿಗೆಯ ಮೇಲೆ ಬಿತ್ತು. ಊರಿನಲ್ಲಿ ವೀಳ್ಯದೆಲೆ ಹಾಕಿ ತುಪ್ಪ ಕಾಯಿಸುವ ಕಂಟ್ರಾಕ್ಟರ್ ಅವನೊಬ್ಬನೇ, ಅದೇ ಅವನ ಜಂಬ. ಅವನು ಪುಟ್ಟತಾಯಮ್ಮನ ಕಡೆ ತಿರುಗಿ ನೋಡಿದ. ಆಮೇಲೆ ತಮ್ಮಯ್ಯನ ಪ್ಲಾಸ್ಟರ್ ನೋಡಿದ. "ಛತ್ರದಲ್ಲಿ ಎಲೆ ಹಾಕಿಬಿಟ್ಟಿದ್ರು" ಎಂದಷ್ಟೇ ಅಂದ. ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಮ್ಮಯ್ಯ ಬಾಯಲ್ಲಿದ್ದ ಹೋಳಿಗೆ ನುಂಗಿ, "ಸಾಕಾಯ್ತಾ ತುಪ್ಪ?" ಎಂದು ಕೇಳಿದ. ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. ರೇವಣ್ಣ ತಲೆ ತಗ್ಗಿಸಿ, "ಅರ್ಧ ಡಬ್ಬ ಉಳೀತು" ಅಂದ. ಅಂದವನೇ ಮುಖ ಮುಚ್ಚಿಕೊಂಡು ಅಳತೊಡಗಿದ. ಪಕ್ಕದ ಮಂಚದ ಪಟೇಲ ಕೂಡ ಈ ಕಡೆ ತಿರುಗಿ ಎದ್ದು ಕೂತ.

ಆಗ ಪುಟ್ಟತಾಯಮ್ಮ ಬಂದು ಮಂಚದ ಕಾಲ ಹತ್ತಿರ ನಿಂತಳು. "ಅವನೊಬ್ಬನೇ ಅಲ್ಲ ಕಣ್ರೀ. ಹಿಂದೆ..." ಎಂದು ಶುರುಮಾಡಿದಳು, ಮುಂದೆ ಹೊರಡಲಿಲ್ಲ. "ಗೊತ್ತು ಕಣೇ" ಅಂದ ತಮ್ಮಯ್ಯ. "ಬಿದ್ದಲ್ಲೇ ಕೇಳಿಸ್ತಲ್ಲ, ಛತ್ರಕ್ಕೆ ನಡಿ ಅಂದಿದ್ದು. ಊರಿಗೆಲ್ಲ ಕೇಳೋ ಗಂಟಲು ನಂಗೆ ಕೇಳಕ್ಕಿಲ್ವಾ?" "ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ರಾ?" ಅಂದಳು ಅವಳು. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ನೀನು ನೋಡಿದ್ರೆ ಊರಲ್ಲಿರೋರ್ನೆಲ್ಲ ಕಳಿಸ್ದೆ, ನೀನು ಮಾತ್ರ ಬಾಯಿ ಬಿಡ್ಲಿಲ್ಲ." ಅವನು ಹಾಸಿಗೆಯ ಮೇಲೆ ಬಿದ್ದ ಹೋಳಿಗೆ ಚೂರು ಎತ್ತಿ ಬಾಯಿಗೆ ಹಾಕಿಕೊಂಡ. "ಬಿದ್ದಾಗ ನಿನ್ನ ದನಿ ಕೇಳ್ತಲ್ಲ, ಸದ್ಯ, ಇವಳು ಬೀಳ್ಲಿಲ್ವಲ್ಲ ಅನ್ನಿಸ್ತು. ಆಮೇಲೇ ಕಣೇ ಕಾಲು ನೋಯಕ್ಕೆ ಶುರುವಾಗಿದ್ದು." ಪುಟ್ಟತಾಯಮ್ಮ ಅಲ್ಲೇ ನೆಲದ ಮೇಲೆ ಕೂತು ಪ್ಲಾಸ್ಟರಿಗೆ ಹಣೆ ಇಟ್ಟು ಅತ್ತಳು. ಬೈಯುತ್ತ ಬಂದ ನರ್ಸ್ ಬಾಗಿಲಲ್ಲೇ ನಿಂತು ವಾಪಸು ಹೋದಳು. ನನಗೂ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದೇನಿದೆ.

ಅಂದಿನಿಂದ ಪುಟ್ಟತಾಯಮ್ಮ ಸ್ಟ್ಯಾಂಡಿಗೆ ಬರಲಿಲ್ಲ. ಊರು ಅಷ್ಟಕ್ಕೇ ಸುಧಾರಿಸಿತು ಎಂದು ನಾನು ಹೇಳುವುದಿಲ್ಲ. ಹೊಂಗೆ ಮರದ ಕೆಳಗೆ ಈಗಲೂ ಜನ ತಲೆ ಕೆರೆಯುತ್ತಾರೆ, ಕೆಂಪಮ್ಮನ ವ್ಯಾಪಾರ ಕುಗ್ಗಿಲ್ಲ. ಆದರೆ ಆ ವಾರ್ಡಿಗೆ ಹೋಗಿ ಬಂದವರು ಮಾತ್ರ ಕೆಂಪು ದೀಪಕ್ಕೆ ನಿಲ್ಲತೊಡಗಿದ್ದರು. ಅವರು ನಿಂತರೆ ಹಿಂದಿನವರೂ ಬೈದುಕೊಂಡು ನಿಲ್ಲಲೇಬೇಕಾಗುತ್ತಿತ್ತು. ಪ್ಲಾಸ್ಟರ್ ಬಿಚ್ಚಿ, ಕೋಲು ಹಿಡಿದು ನಡೆಯುವುದನ್ನು ಕಲಿತ ಮೇಲೆ ತಮ್ಮಯ್ಯ ಒಂದು ಮಧ್ಯಾಹ್ನ ಹೆಂಡತಿಯ ಜೊತೆ ರಸ್ತೆಯ ಅಂಚಿಗೆ ಬಂದು ನಿಂತ. ಪುಟ್ಟತಾಯಮ್ಮ ರಸ್ತೆಯ ಎರಡೂ ಕಡೆ ಮತ್ತೆ ಮತ್ತೆ ನೋಡುತ್ತಿದ್ದುದು ನನ್ನ ಅಂಗಡಿಗೇ ಕಾಣುತ್ತಿತ್ತು. ದೀಪ ಕೆಂಪಾಯಿತು. ಮೊದಲ ಸಾಲಿನಲ್ಲಿ ರೇವಣ್ಣ ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತ, ಪಕ್ಕದಲ್ಲಿ ಲಾಯರ್, ಅವರ ಹಿಂದೆ ಆ ವರ. ಗಂಡ ಹೆಂಡತಿ ಬಿಳಿ ಪಟ್ಟೆಯ ಮೇಲೆ ಇಳಿದರು.

ರಸ್ತೆಯ ನಡುವೆ ಬರುವಷ್ಟರಲ್ಲಿ ತಮ್ಮಯ್ಯನಿಗೆ ಏದುಸಿರು ಬಂತು. ಕೋಲೂರಿ ನಿಂತುಬಿಟ್ಟ. ದೀಪ ಹಸಿರಾಯಿತು. ಯಾರೂ ಕದಲಲಿಲ್ಲ. ಹಿಂದಿನಿಂದ ಒಬ್ಬ ಹಾರನ್ ಹೊಡೆದ, ರೇವಣ್ಣ ತಿರುಗಿ ನೋಡಿದ ನೋಟಕ್ಕೆ ಅದೂ ಅಡಗಿತು. ಅಷ್ಟು ಜನ ತನ್ನನ್ನೇ ನೋಡುತ್ತ ನಿಂತಿರುವುದು ಕಂಡು ಮಾತಿನ ಮನುಷ್ಯನಿಗೆ ಸುಮ್ಮನಿರಲು ಆಗಲಿಲ್ಲ. "ಎಲ್ಲಾರೂ ಎಲ್ಲಿಗೆ ಹೊರಟ್ರಿ?" ಎಂದು ಕೇಳಿದ. "ನಾಮಕರಣದ ಅಡುಗೆಗೆ" ಅಂದ ರೇವಣ್ಣ. "ಕೋರ್ಟಿಗೆ" ಅಂದ ಲಾಯರ್. ವರ ಸ್ವಲ್ಪ ನಾಚಿಕೊಂಡು, "ಮಾವನ ಮನೆಗೆ" ಅಂದ. ಹಿಂದಿನಿಂದ ಒಬ್ಬೊಬ್ಬರೇ, ಬ್ಯಾಂಕಿಗೆ, ಹಿಟ್ಟಿನ ಗಿರಣಿಗೆ, ತಂಗಿ ಮನೆಗೆ, ಸುಮ್ನೆ ಒಂದು ರೌಂಡು ಎಂದು ಕೂಗಿ ಹೇಳಿದರು. ತಮ್ಮಯ್ಯ ಎಲ್ಲರದ್ದೂ ಕೇಳಿ, ತೃಪ್ತಿಯಾಗಿ ತಲೆಯಾಡಿಸಿ, ಹೆಂಡತಿಯ ಕಡೆ ತಿರುಗಿದ. "ನಾವೆಲ್ಲಿಗೇ ಹೊರಟಿದ್ದು?"

ಪುಟ್ಟತಾಯಮ್ಮ ಉಳಿದ ಅರ್ಧ ರಸ್ತೆಯನ್ನು ಒಮ್ಮೆ ನೋಡಿ, ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಸದ್ಯಕ್ಕೆ ಆ ಕಡೆಗೆ" ಅಂದಳು.